ಚಾವಿ ತಿರಗವಲ್ದು

ನಮ್ಮ ಮನೆಯವರು ಹಾವೇರಿಯಿಂದ ಬಸ್ಸಿನಲ್ಲಿ ವಾಪಸ್ ಬಂದ ಮಧ್ಯಾಹ್ನ, ನಾನು ಬಾಗಿಲಲ್ಲಿ ನಿಂತು ಅವರ ಬೆನ್ನ ಹಿಂದೆ ಗಾಡಿ ಹುಡುಕಿದೆ. ಮದುವೆಯಾಗಿ ಬ್ಯಾಡಗಿಗೆ ಬಂದಾಗಿನಿಂದ ಅವರು ಬಸ್ಸಿನಲ್ಲಿ ಬಂದದ್ದನ್ನು ನಾನು ಕಂಡಿರಲಿಲ್ಲ.

“ಗಾಡಿ ಎಲ್ಲೈತ್ರಿ?”

“ಹಾವೇರ್ಯಾಗ ನಿಂತೈತಿ. ಚಾವಿ ತಿರಗವಲ್ದು.”

ಅಷ್ಟೇ ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಬಾಡಿಗೆಗೆ ಹಿಡಿದು ಗಾಡಿಯಲ್ಲಿ ಹೋಗಿದ್ದ ದಲಾಲಿ ಅಂಗಡಿಯ ಸಾಹುಕಾರರು ಅಲ್ಲಿಯೇ ಬೇರೆ ಗಾಡಿ ಹಿಡಿದು ಹೋದರಂತೆ. ಇವರು ಒಬ್ಬರೇ ಗಾಡಿಯೊಳಗೆ ಕೂತು ಬಹಳ ಹೊತ್ತು ಚಾವಿಯ ಜೊತೆ ಗುದ್ದಾಡಿ, ಕೊನೆಗೆ ಬಾಗಿಲು ಹಾಕಿ ಬಸ್ಸು ಹತ್ತಿದ್ದರು. ಊಟಕ್ಕೆ ಕೂತಾಗ ಅತ್ತಿ, ಅಂದರೆ ಅವರ ತಾಯಿ, ಕೇಳಿದರು: “ಚಾವಿ ಬಾಗೈತೇನು?” ಇವರು ಜೇಬಿನಿಂದ ಚಾವಿ ತೆಗೆದು ತಾಯಿಯ ಮುಂದಿಟ್ಟರು. ಚಾವಿ ನೆಟ್ಟಗೇ ಇತ್ತು.

ಇದು ತೊಂಬತ್ತರ ದಶಕ ಶುರುವಾದ ಹೊತ್ತಿನ ಮಾತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರೇ. ನನ್ನ ತವರು ರಾಣೇಬೆನ್ನೂರಿನ ಆಚೆ ಹಲಗೇರಿ. ಹತ್ತನೇ ಇಯತ್ತೆ ಪಾಸಾದ ವರ್ಷವೇ ನನ್ನನ್ನು ಬ್ಯಾಡಗಿಗೆ ಕೊಟ್ಟರು. ಹುಡುಗ ಡ್ರೈವರ್, ಚಟ ಇಲ್ಲ, ಒಬ್ಬನೇ ಮಗ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಮೂರೂ ಖರೇ ಆಗಿದ್ದವು. ಅವರು ಮೊದಲು ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಕಾರು ನಡೆಸುತ್ತಿದ್ದರು. ವ್ಯಾಪಾರಿ ಹೊಸ ಕಾರು ತಂದಾಗ ಹಳೆಯದನ್ನು ಇವರೇ ತೆಗೆದುಕೊಂಡು ಬಾಡಿಗೆಗೆ ಹೊಡೆಯತೊಡಗಿದರು. ದಪ್ಪ ಮೂಗಿನ, ಭಾರವಾದ ಬಿಳಿ ಗಾಡಿ. ಗೇರು ಸ್ಟೇರಿಂಗಿನ ಎಡಮಗ್ಗುಲಿಗೆ ಕಡ್ಡಿಯ ಹಾಗೆ ಚಾಚಿಕೊಂಡಿತ್ತು. ಚಾವಿ ಹಾಕುವ ಸ್ವಿಚ್ಚು ಡ್ಯಾಶ್‌ಬೋರ್ಡಿನ ನಟ್ಟನಡುವೆ. ಹೀಗಾಗಿ ಚಾವಿ ತಿರುಗಿಸುವುದೂ ಗೇರು ಹಾಕುವುದೂ ಎರಡೂ ಎಡಗೈಯ ಕೆಲಸ. ನಮಗೆ ಮಕ್ಕಳಿರಲಿಲ್ಲ. ಅತ್ತಿ, ನಾನು, ಅವರು, ಮತ್ತು ಮನೆಯ ಮುಂದೆ ನಿಲ್ಲುವ ಆ ಗಾಡಿ. ಅದು ಮನೆ ಮುಂದೆ ಇದ್ದರೆ ಅವರು ಮನೆಯಲ್ಲಿದ್ದಾರೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಮರುದಿನ ಹೋಗಿ ಅದು ಹೇಗೋ ತಿರುಗಿಸಿ ಗಾಡಿ ತಂದರು. ಅಂಗಳದಲ್ಲಿ ನಿಲ್ಲಿಸಿ ರಿಪೇರಿಗೆ ಕೂತರು. ನಮ್ಮೂರಿನ ಧೂಳು ಎಲ್ಲ ಊರಿನ ಧೂಳಿನಂಥದ್ದಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಕೆಂಪು ಪುಡಿ ಗಾಳಿಯೊಳಗೇ ಇರುತ್ತದೆ, ಒಗೆದು ಹಾಕಿದ ಬಟ್ಟೆಯ ಮಡಿಕೆಯಲ್ಲೂ ಸಿಗುತ್ತದೆ. ಸ್ವಿಚ್ಚಿನ ತೂತಿನೊಳಗೂ ಅದೇ ಹೋಗಿ ಕೂತಿರಬೇಕು ಎಂದು ಅವರ ಲೆಕ್ಕ. ಕೋಳಿಪುಕ್ಕಕ್ಕೆ ಚಿಮಣಿ ಎಣ್ಣೆ ಅದ್ದಿ ತೂತಿನೊಳಗೆ ಆಡಿಸಿದರು. ಕೆಂಪಗೆ ಇಳಿಯಿತು. ಅತ್ತಿ ಒಳಗಿನಿಂದ ಕೊಬ್ಬರಿ ಎಣ್ಣೆಯ ಬಾಟ್ಲಿ ತಂದು, “ಬಾಗಲದ ಕೀಲಿಗೆ ಇದನ್ನ ಹಾಕ್ತೇನಿ, ಹೂವಿನಂಗ ತಗೀತದ” ಎಂದರು. ಅದನ್ನೂ ಒಂದೆರಡು ಹನಿ ಬಿಟ್ಟರು. ಚಾವಿ ತಿರುಗಿತು. ಗಾಡಿ ಗುರ್ರೆಂದಿತು. ಅತ್ತಿಯವರಿಗೆ ಆ ದಿನವಿಡೀ ಅದೇ ಸಂಭ್ರಮ.

ಕೆಲವು ದಿನ ನೆಟ್ಟಗೆ ನಡೆಯಿತು. ಆಮೇಲೆ ಇನ್ನೊಂದು ತರಹದ ಹಟ ಹಿಡಿಯಿತು. ಚಾವಿಯನ್ನು ಪೂರ್ತಿ ತಿರುಗಿಸಿದರೆ ಸೆಲ್ಫ್ ಮೋಟಾರು ಹೊಡೆದುಕೊಂಡು ಇಂಜಿನ್ ಶುರುವಾಗುತ್ತದೆ. ಬೆರಳು ಬಿಟ್ಟ ಕೂಡಲೇ ಚಾವಿ ತಾನೇ ಅರ್ಧಕ್ಕೆ ವಾಪಸ್ ಬರಬೇಕು. ಕಾಗಿನೆಲೆಯಲ್ಲಿ ಅದು ವಾಪಸ್ ಬರಲಿಲ್ಲ. ಹಾವೇರಿಯ ಒಂದು ಕುಟುಂಬವನ್ನು ದರ್ಶನಕ್ಕೆ ಕರೆದುಕೊಂಡು ಹೋಗಿದ್ದರು, ಸೀಟು ಖಾಲಿ ಇತ್ತೆಂದು ನನ್ನನ್ನೂ ಅತ್ತಿಯನ್ನೂ ಕೂರಿಸಿಕೊಂಡಿದ್ದರು. ಹೊರಡಲು ಚಾವಿ ತಿರುಗಿಸಿದರು. ಇಂಜಿನ್ ಶುರುವಾಯಿತು, ಆದರೆ ಸೆಲ್ಫ್ ನಿಲ್ಲಲೇ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕಿರಿಚಾಟ. ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಹಿಂದೆ ಕೂತಿದ್ದ ಹೆಣ್ಣುಮಕ್ಕಳು ಚೀರುತ್ತ ಕೆಳಗೆ ಹಾರಿದರು. ಇವರು ನಟ್ಟು ಬಿಚ್ಚುವ ಪಾನಾ ಹಿಡಿದು ಮುಂದಕ್ಕೆ ಓಡಿ, ಬಾನೆಟ್ ಎತ್ತಿ, ಬ್ಯಾಟರಿಯ ವೈರು ಕಿತ್ತರು. ಕಿರಿಚಾಟ ನಿಂತಿತು. ಸುಟ್ಟ ವಾಸನೆ ಉಳಿಯಿತು.

ಆ ಕುಟುಂಬ ಸಿಟ್ಟೇನೂ ಮಾಡಲಿಲ್ಲ. ಹಿರಿಯರೊಬ್ಬರು, “ಗಾಡಿ ಬಾಳ ಹಳೇದಾತ್ರಿ, ಮಾರಿಬಿಡ್ರಿ” ಎಂದು ಬಸ್ಸಿನ ಕಡೆ ಹೋದರು. ಇವರು ಕಿತ್ತ ವೈರನ್ನು ಮತ್ತೆ ಕೂರಿಸಲು ನಟ್ಟು ಬಿಗಿ ಮಾಡುತ್ತಿದ್ದಾಗ ಪಾನಾ ಎಡಗೈಯಿಂದ ಜಾರಿ ಮಣ್ಣಿಗೆ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ನಾನು ಅವರು ಗಾಬರಿಯಾಗಿದ್ದಾರೆ ಎಂದುಕೊಂಡು ಎತ್ತಿಕೊಟ್ಟೆ.

ರಾಣೇಬೆನ್ನೂರಿನಲ್ಲಿ ಹೆದ್ದಾರಿಯ ಬಗಲಿಗೆ ಒಬ್ಬ ವಯಸ್ಸಾದ ಮಿಸ್ತ್ರಿಯ ಗ್ಯಾರೇಜ್ ಇತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಮನುಷ್ಯ, ಮಾತು ಕಡಿಮೆ. ಅವರನ್ನು ನಮ್ಮ ಮನೆಯವರು ಕಾಕಾ ಎನ್ನುತ್ತಿದ್ದರು. ನಾನೂ ಹಲಗೇರಿಗೆ ಹೋಗುವವಳಿದ್ದರಿಂದ ಜೊತೆಗೆ ಹೋದೆ. ಕಾಕಾ ಸ್ವಿಚ್ಚು ಬಿಚ್ಚಿ ಹಳೆ ಪೇಪರಿನ ಮೇಲಿಟ್ಟು ಒಂದೊಂದೇ ಭಾಗ ಬಿಡಿಸಿದರು. ಒಳಗಿನಿಂದ ಕೆಂಪನೆಯ ರಾಡಿ ಬಂತು, ಖಾರ ಅರೆದಿಟ್ಟ ಹಾಗೆ.

“ಇದಕ್ಕ ಎಣ್ಣಿ ಬಿಟ್ಟವರು ಯಾರು?”

“ನಮ್ಮವ್ವ, ಕಾಕಾ.”

ಕಾಕಾ ನಕ್ಕರು. ಇವರೂ ನಕ್ಕರು. ಎಣ್ಣೆ ಧೂಳನ್ನು ಹಿಡಿದು ಕೂರಿಸಿತ್ತು, ಅದರ ಜಿಡ್ಡಿಗೆ ಒಳಗಿನ ಸ್ಪ್ರಿಂಗು ಅಂಟಿಕೊಂಡಿತ್ತು. ಚಾವಿಯ ಹಲ್ಲುಗಳೂ ಸವೆದಿದ್ದವು. ಪೆಟ್ರೋಲಿನಲ್ಲಿ ತೊಳೆದು, ಎಣ್ಣೆಯ ಬದಲು ಸೀಸದಕಡ್ಡಿಯನ್ನು ಕೆತ್ತಿ ಅದರ ಕರಿಪುಡಿ ಊದಿದರು. ಆದರೂ ಸ್ಪ್ರಿಂಗಿನಲ್ಲಿ ಜೀವ ಇರಲಿಲ್ಲ. ಅಂಥ ಸ್ವಿಚ್ಚು ಅಂಗಡಿಯಲ್ಲಿ ಸಿಗುವುದು ನಿಂತು ಬಹಳ ವರ್ಷವಾಗಿತ್ತು. ಕೊನೆಗೆ ಬೇರೆ ಗಾಡಿಯದೊಂದು ಹೊಸ ಸ್ವಿಚ್ಚು ತರಿಸಿ, ತೂತನ್ನು ಅರದಿಂದ ಉಜ್ಜಿ ಅಗಲ ಮಾಡಿ ಕೂರಿಸಿದರು. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಹತ್ತಿತು, ಬಿಟ್ಟಿತು. “ನೋಡ್ರಿ ಅಕ್ಕಾರ, ನೀವ ಶುರು ಮಾಡ್ರಿ” ಎಂದು ನನಗೆ ಹೇಳಿದರು. ನಾನು ಎಡಗಡೆ ಸೀಟಿನಲ್ಲಿ ಕೂತಿದ್ದೆ. ಬಲಗೈ ಚಾಚಿ ತಿರುಗಿಸಿದೆ. ತಿರುಗಿತು. ನನಗೆ ಖುಷಿಯಾಗಿ ಇನ್ನೊಮ್ಮೆ ತಿರುಗಿಸಿದೆ.

ಆಮೇಲೆ ಮನೆಯವರು ಕೂತು ಎಡಗೈಯಿಂದ ಚಾವಿ ಹಿಡಿದರು. ಚಾವಿ ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ. ಹೆಬ್ಬೆರಳು ಚಾವಿಯ ಮೇಲಿನಿಂದ ಜಾರಿತು.

“ಬಿಗಿ ಐತಿ ಕಾಕಾ.”

ಕಾಕಾ ಮತ್ತೆ ಬಿಚ್ಚಿದರು. ಸ್ಪ್ರಿಂಗು ಸ್ವಲ್ಪ ಸಡಿಲು ಮಾಡಿದರು. ಆ ದಿನ ಹೇಗೋ ತಿರುಗಿತು. ಆದರೆ ಮುಂದಿನ ವಾರವೇ ಇವರು ಮತ್ತೆ ಅಲ್ಲಿಗೆ ಹೋದರು, ಅದರ ಮುಂದಿನ ವಾರವೂ ಹೋದರು. ಮನೆಯಲ್ಲಿ ಅದೇ ಮಾತು: ಸ್ವಿಚ್ಚು ಬೇರೆ ಗಾಡಿಯದು, ಸರಿಯಾಗಿ ಕೂತಿಲ್ಲ, ಬೆಳಗಿನ ತಂಪಿಗೆ ಬಿಗಿಯುತ್ತದೆ, ಕಾಕಾಗೆ ಈಗ ಕಣ್ಣು ಸರಿ ಕಾಣುವುದಿಲ್ಲ. ಬೆಳಿಗ್ಗೆ ಗಾಡಿ ಶುರು ಮಾಡಲು ಅವರು ಮೈ ಪೂರ್ತಿ ಎಡಕ್ಕೆ ಹೊರಳಿಸಿ ಬಲಗೈಯಿಂದ ತಿರುಗಿಸುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಿಟ್ಟಿಗೆದ್ದ ಮನುಷ್ಯ ಹಾಗೆ ಮಾಡುತ್ತಾನೆ ಎಂದೇ ತಿಳಿದಿದ್ದೆ.

ಹಲಗೇರಿಯಿಂದ ತಿರುಗಿ ಬರುವಾಗ ಒಮ್ಮೆ ನಾನು ಗ್ಯಾರೇಜಿನ ಮುಂದೆ ನಿಂತಿದ್ದೆ, ಇವರು ಚಹಾ ಹೇಳಲು ಹೋಗಿದ್ದರು. ಕಾಕಾ ಅರಿವೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ನನ್ನ ಮುಖ ನೋಡದೆ ಹೇಳಿದರು:

“ಅಕ್ಕಾರ, ಸ್ವಿಚ್ ಚಲೋ ಐತ್ರಿ.”

“ಮತ್ತ ಅವರಿಗೆ ಯಾಕ ತಿರಗವಲ್ದು?”

ಕಾಕಾ ಚಹಾದ ಹುಡುಗನ ಹಿಂದೆ ನಮ್ಮವರು ಬರುತ್ತಿದ್ದದ್ದನ್ನು ನೋಡಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಅಂಗಿ ಹಾಕಿಕೊಳ್ಳುವುದನ್ನು ನಾನು ಬೇಕೆಂದೇ ನಿಂತು ನೋಡಿದೆ. ಅವರು ಯಾವಾಗಲೂ ತುಂಬುತೋಳಿನ ಅಂಗಿ ಹಾಕಿ ಮುಂಗೈ ಗುಂಡಿ ಹಾಕುತ್ತಿದ್ದವರು. ಡ್ರೈವರ್ ಅಂದರೆ ನೀಟಾಗಿರಬೇಕು ಎನ್ನುತ್ತಿದ್ದರು. ಆ ದಿನ ಎಡತೋಳಿನ ಗುಂಡಿ ಹಾಕಿದ್ದರು, ಬಲತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದರು. ಬಲತೋಳಿನ ಗುಂಡಿ ಹಾಕಬೇಕಾದದ್ದು ಎಡಗೈ. ಯಾವಾಗಿನಿಂದ ಹೀಗೆ ಮಡಚುತ್ತಿದ್ದರೋ ನೆನಪಿಗೆ ಬರಲಿಲ್ಲ. ನಾನು ಹತ್ತಿರ ಹೋಗಿ ಎಡಗೈ ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ತುಂಬಿಕೊಂಡಿರಬೇಕಾದ ಮಾಂಸ ಇಳಿದು ಹೋಗಿತ್ತು. ಬೆರಳಿನ ಸಂದಿಯಲ್ಲಿ ಕುಳಿ ಬಿದ್ದಿತ್ತು. ಬಲಗೈಯನ್ನು ಅದರ ಪಕ್ಕಕ್ಕೆ ಇಟ್ಟು ನೋಡಿದರೆ ಎರಡು ಬೇರೆ ಬೇರೆ ಮನುಷ್ಯರ ಕೈ ಇದ್ದ ಹಾಗಿತ್ತು.

“ಇದೇನಾತ್ರಿ?”

“ಏನೂ ಇಲ್ಲ. ದಣವಾಗೇತಿ.” ಕೈ ಬಿಡಿಸಿಕೊಂಡರು.

ರಾಣೇಬೆನ್ನೂರಿನ ಡಾಕ್ಟರು ನರದ ಶಕ್ತಿ ಕಡಿಮೆಯಾಗಿದೆ ಎಂದು ಸೂಜಿ ಮಾಡಿದರು. ಕೆಂಪು ಗುಳಿಗೆ ಕೊಟ್ಟರು. ಹಾವೇರಿಯಲ್ಲಿ ಇನ್ನೊಬ್ಬರು ಕೊರಳಿನ ಫೋಟೋ ತೆಗೆಸಿ ಪಟ್ಟಿ ಕಟ್ಟಿಸಿದರು. ಅತ್ತಿ ಯಾರೋ ಹೇಳಿದ ಎಣ್ಣೆ ತಂದು ದಿನಾ ಬೆಳಿಗ್ಗೆ ಮಗನ ಕೈ ತಿಕ್ಕುತ್ತಿದ್ದರು. ಮೊದಲು ಹೆಬ್ಬೆರಳು, ಆಮೇಲೆ ಒಂದೊಂದೇ ಬೆರಳು, ಕೂಸಿನ ಕೈ ತಿಕ್ಕುವ ಹಾಗೆ. ಕೈ ಹಾಗೇ ಇಳಿಯುತ್ತ ಹೋಯಿತು.

ಆದರೂ ಬಾಡಿಗೆ ನಡೆಯಲೇಬೇಕಿತ್ತು. ನಾನು ಜೊತೆಗೆ ಹೋಗತೊಡಗಿದೆ. ಎಡಗಡೆ ಮುಂದಿನ ಸೀಟಿನಲ್ಲಿ ಕೂತು ಚಾವಿ ತಿರುಗಿಸುವುದು ನನ್ನ ಕೆಲಸ. ಅವರು ಕ್ಲಚ್ ಒತ್ತಿ ಕಣ್ಣಿನಿಂದಲೇ ಸನ್ನೆ ಮಾಡಿದರೆ ನಾನು ತಿರುಗಿಸುತ್ತಿದ್ದೆ. ಗೇರಿನ ಕಡ್ಡಿಯನ್ನು ಅವರು ಅಂಗೈಯಿಂದ ನೂಕಿ ಹಾಕುತ್ತಿದ್ದರು, ಅದಕ್ಕೆ ಬೆರಳಿನ ಹಿಡಿತ ಬೇಕಿರಲಿಲ್ಲ. ಗಿರಾಕಿಗಳು ಮೊದಲು ನಗುತ್ತಿದ್ದರು. “ಏನ್ರಿ, ಹೆಂಡತಿ ಕೈಯಾಗ ಚಾವಿ ಕೊಟ್ಟೀರಿ?” ಎಂದರೆ ಅವರು, “ಮನಿ ಚಾವಿ ಅಕಿ ಕೈಯಾಗ ಐತಿ, ಇದೂ ಇರಲಿ ಬಿಡ್ರಿ” ಎನ್ನುತ್ತಿದ್ದರು. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದ ಮೇಲೆ ಗಾಳಿ ಬರುತ್ತಿತ್ತು. ಅವರು ಊರೂರಿನ ಗಿರಾಕಿಗಳ ಕಥೆ ಹೇಳುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರ ಹಗಲು ಹೇಗಿರುತ್ತದೆ ಎಂದು ನಾನು ನೋಡಿದ್ದು ಆಗಲೇ. ಅದರ ಸಲುವಾಗಿ ಆ ತಿಂಗಳುಗಳು ಚಲೋ ಇದ್ದವು ಎಂದು ಹೇಳಬೇಕೆನಿಸುತ್ತದೆ. ಹೇಳಲು ಬಾಯಿ ಬರುವುದಿಲ್ಲ, ಯಾಕೆಂದರೆ ಪ್ರತಿ ಸಲ ಚಾವಿ ತಿರುಗಿಸುವಾಗಲೂ ನನ್ನ ಕಣ್ಣು ಅವರ ಕೈಯ ಮೇಲೇ ಇರುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲು ಬಡಿದು ನೋಡಿದರು, ಅಂಗಾಲು ಗೀರಿದರು, ನಾಲಿಗೆ ಹೊರಗೆ ಹಾಕಿಸಿ ಬಹಳ ಹೊತ್ತು ನೋಡಿದರು. ನಾನೂ ಬಗ್ಗಿ ನೋಡಿದೆ. ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಏನೋ ಅದರುತ್ತಿತ್ತು, ಚರ್ಮದ ಕೆಳಗೆ ಹುಳು ಹರಿದ ಹಾಗೆ. ಕರೆಂಟು ಕೊಟ್ಟು ಕೈಕಾಲಿನ ಪರೀಕ್ಷೆ ಮಾಡಿಸಿ ಬರಲು ಹೇಳಿದರು. ಎಲ್ಲ ಆದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿದರು.

“ನೋಡ್ರಿ, ಕೈಕಾಲು ಆಡಿಸೋ ನರಗಳು ಒಂದೊಂದೇ ಸಾಯ್ತಾವು. ಈಗ ಒಂದು ಕೈಯಾಗ ಐತಿ. ಮುಂದ ಎಲ್ಲಾ ಕಡೆ ಬರ್ತದ. ಇದಕ್ಕ ನಮ್ಮ ಕಡೆ ಔಷಧ ಇಲ್ಲ. ಯಾರ ಕಡೆನೂ ಇಲ್ಲ. ಸುಮ್ಮನ ಊರೂರು ಅಡ್ಡಾಡಬ್ಯಾಡ್ರಿ.”

ಅಷ್ಟು ನೇರ ಮಾತನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಾನು ಇನ್ನೂ ಏನಾದರೂ ಹೇಳುತ್ತಾರೆ ಎಂದು ಕಾದೆ. ಮನೆಯವರು ಕೇಳಿದರು:

“ಸಾಹೇಬ್ರ, ಗಾಡಿ ಹೊಡೀಬಹುದೇನ್ರಿ?”

“ಎಷ್ಟು ದಿನ ಆಗ್ತದೋ ಅಷ್ಟು ದಿನ ಹೊಡೀರಿ.”

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ಶಿಗ್ಗಾವಿ, ಬಂಕಾಪುರ ದಾಟಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹಾವೇರಿ ಹತ್ತಿರ ಬಂದಾಗ ಅವರು ಒಮ್ಮೆಲೇ ನನ್ನ ಕಡೆ ತಿರುಗಿ, “ಚಾವಿ ಯಾಕ ಬೇಕು? ಗುಂಡಿ ಹಾಕಿಸಿದ್ರ ಆತಲ್ಲ. ಒತ್ತಿದ್ರ ಸಾಕು” ಎಂದರು. ಡಾಕ್ಟರ ಮಾತು ಅವರ ಕಿವಿಯೊಳಗೆ ಹೋಗಿದೆಯೋ ಇಲ್ಲವೋ ಎಂದು ನನಗೆ ಭಯವಾಯಿತು. ಆಮೇಲೆ ಅನಿಸಿತು, ಹೋಗಿದೆ. ಹೋಗಿದ್ದಕ್ಕೇ ಹೀಗೆ ಅನ್ನುತ್ತಿದ್ದಾರೆ.

ಕಾಕಾ ಗುಂಡಿ ಹಾಕಿಕೊಟ್ಟರು. ಕರೆಂಟು ಹತ್ತಿಸಲು ಒಂದು ಸಣ್ಣ ಕಡ್ಡಿ ಸ್ವಿಚ್ಚು, ಸೆಲ್ಫ್ ಹೊಡೆಯಲು ದೊಡ್ಡ ಕರಿ ಗುಂಡಿ. ಅದನ್ನು ಸ್ಟೇರಿಂಗಿನ ಬಲಕ್ಕೆ, ಮೊಣಕಾಲಿನ ಮೇಲ್ಗಡೆ, ಅಂಗೈಯಿಂದ ಒತ್ತಲು ಆಗುವ ಹಾಗೆ ಕೂರಿಸಿದರು. ಹೇಗೆ ಒತ್ತಿದರೂ ಹತ್ತುತ್ತಿತ್ತು. ಅವರು ಗ್ಯಾರೇಜಿನ ಮುಂದೆ ಗಾಡಿ ಶುರು ಮಾಡಿದರು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಕಾಕಾಗೆ ಕೈ ಮುಗಿದರು. ಗಾಡಿ ಹೊರಟ ಮೇಲೆ ನಾನು ಹಿಂದೆ ತಿರುಗಿ ನೋಡಿದಾಗ ಕಾಕಾ ರಸ್ತೆಯ ಬದಿಗೆ ಹಾಗೇ ನಿಂತಿದ್ದರು.

ಆ ಚಳಿಗಾಲ ಅವರು ಮತ್ತೆ ಒಬ್ಬರೇ ಬಾಡಿಗೆ ಹೋದರು. ಸುಗ್ಗಿ, ವ್ಯಾಪಾರಿಗಳ ಓಡಾಟ ಜೋರು. ಮನೆಗೆ ಬಂದರೆ ಊಟಕ್ಕೆ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದರು. ಅತ್ತಿ ಓಣಿಯವರಿಗೆಲ್ಲ, “ನನ ಮಗಗ ಕಡಿಮಿ ಆಗೇತಿ” ಎಂದು ಹೇಳಿಕೊಂಡು ಬಂದರು. ನಾನು ಬೇಡ ಎನ್ನಲಿಲ್ಲ.

ಸಂಕ್ರಮಣ ಕಳೆದ ಮೇಲೆ ಒಂದು ದಿನ ಮೋಟೆಬೆನ್ನೂರಿನ ತಿರುವಿನಲ್ಲಿ ಎದುರಿಗೆ ಚಕ್ಕಡಿ ಬಂತು. ಗಾಡಿ ನಿಧಾನ ಮಾಡಿ ಗೇರು ಬದಲಿಸಲು ಹೋದಾಗ ಎಡಗೈ ಮೇಲೇಳಲಿಲ್ಲ. ಅವರು ತೊಡೆಯ ಮೇಲೆ ಇಟ್ಟುಕೊಂಡಿದ್ದ ಕೈ ತೊಡೆಯ ಮೇಲೇ ಉಳಿಯಿತು. ಬಲಗೈಯಿಂದ ಗೇರಿಗೆ ಕೈ ಹಾಕಿದಾಗ ಸ್ಟೇರಿಂಗ್ ತಪ್ಪಿ ಗಾಡಿ ಹೊಲಕ್ಕೆ ಇಳಿದು ಬದುವಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಚಕ್ಕಡಿಯವರೇ ಎತ್ತು ಕಟ್ಟಿ ಎಳೆದು ಮೇಲೆ ತಂದರಂತೆ. ಯಾರೋ ಗುರುತಿನ ಡ್ರೈವರ್ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಇವರು ಹಿಂದಿನ ಸೀಟಿನಿಂದ ಇಳಿದರು. ಒಳಗೆ ಬಂದು ಗೋಡೆಗೆ ಒರಗಿ ಕೂತು, ತಾಯಿಗೆ, “ಅವ್ವಾ, ಮುಗೀತು” ಎಂದರು. ಅತ್ತಿ, “ಏನು ಮುಗೀತು? ಎದ್ದು ಕೈಕಾಲು ತೊಳಿ” ಎಂದು ಗದರಿದರು. ಗದರಿದ ಮೇಲೆ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನನಗೆ ಗಾಡಿ ಕಲಿಸಿರಿ ಎಂದು ನಾನೇ ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಬೆಳಗಾಗುತ್ತಲೇ ಕಾಗಿನೆಲೆ ರಸ್ತೆಗೆ ಹೋಗುತ್ತಿದ್ದೆವು. ಮನೆಯಿಂದ ಅಲ್ಲಿಯವರೆಗೆ ಆ ಗುರುತಿನ ಡ್ರೈವರ್ ತಂದು ಬಿಡುತ್ತಿದ್ದ. ಅವರು ನನ್ನ ಹಳೆಯ ಜಾಗದಲ್ಲಿ, ಎಡಗಡೆ ಕೂತು ಹೇಳುತ್ತಿದ್ದರು: “ಕ್ಲಚ್ ಪೂರಾ ಒತ್ತು. ಅವಸರ ಮಾಡಬ್ಯಾಡ. ರಸ್ತೆ ನೋಡು, ನನ್ನ ಮಾರಿ ನೋಡಬ್ಯಾಡ.” ಆ ಭಾರದ ಗಾಡಿ ನನ್ನ ಕೈಗೆ ಬಗ್ಗಲು ಬಹಳ ದಿನ ಬೇಕಾಯಿತು. ಆದರೆ ಬಗ್ಗಿತು. ಹಳ್ಳದ ದಿಬ್ಬವನ್ನು ನಾನು ಗಾಡಿ ನಿಲ್ಲಿಸದೆ ಹತ್ತಿಸಿದ ದಿನ ಅವರ ಮುಖ ಅರಳಿತ್ತು. ಲೈಸನ್ಸೂ ಆಯಿತು.

ಅದಾದ ಮೇಲೆ, ಹಾವೇರಿಯಲ್ಲಿ ನಿಂತುಹೋಗಿದ್ದ ದಿನ ನಮ್ಮ ಗಾಡಿಯಲ್ಲಿದ್ದ ಅದೇ ಸಾಹುಕಾರರು ಒಂದು ಬೆಳಿಗ್ಗೆ ರಾಣೇಬೆನ್ನೂರಿಗೆ ಹೋಗಲು ಬಂದರು. ನಾನು ಗಾಡಿ ಒರೆಸಿ, ಸೆರಗು ಬಿಗಿದು, ಸ್ಟೇರಿಂಗಿನ ಮುಂದೆ ಕೂತಿದ್ದೆ. ಮನೆಯವರು ಕಟ್ಟೆಯ ಮೇಲೆ ಕೂತು, “ಇಕಿ ಹೊಡೀತಾಳ ಸಾಹುಕಾರ್ರ, ನನಗಿಂತ ಚಲೋ ಹೊಡೀತಾಳ, ಕುಂದರ್ರಿ” ಎಂದರು. ಸಾಹುಕಾರರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಒಳ್ಳೆಯ ಮನುಷ್ಯ. ಒರಟಾಗಿ ಮಾತಾಡಿದವರಲ್ಲ.

“ಇವತ್ತ ಬ್ಯಾಡ ತಮ್ಮಾ. ಇನ್ನೊಂದ ಸಲ ನೋಡೂಣು” ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಆಮೇಲೆ ಬಂದವರೂ ಹೀಗೆಯೇ. ಯಾರೂ ಕೆಟ್ಟದ್ದು ಅನ್ನಲಿಲ್ಲ. ಒಬ್ಬರಿಗೆ ಅಂದೇ ಕೆಲಸ ರದ್ದಾಗಿರುತ್ತಿತ್ತು, ಇನ್ನೊಬ್ಬರಿಗೆ ಲಗೂನ ಹೋಗುವುದಿರುತ್ತಿತ್ತು. ನಾನು ಕೂತಲ್ಲಿಂದ ಇಳಿದು ಬಂದು ಅಡಿಗೆಗೆ ಹತ್ತುತ್ತಿದ್ದೆ. ಅತ್ತಿಯವರಿಗೆ ಅದೊಂದು ಸಮಾಧಾನ. “ಹೆಣ್ಮಗಳು ನಡಸೂ ಗಾಡ್ಯಾಗ ಗಂಡಸರು ಹೆಂಗ ಕುಂದರ್ತಾರ?” ಎನ್ನುತ್ತಿದ್ದರು. ಹಾಗೆ ಅನ್ನುತ್ತಲೇ ನನ್ನ ಮುಂದೆ ಚಹಾದ ಕಪ್ಪು ಇಡುತ್ತಿದ್ದರು.

ನಾನು ಗಾಡಿ ದೂರಕ್ಕೆ ಹೊಡೆದದ್ದು ಒಂದೇ ಸಲ, ಗಳಗನಾಥಕ್ಕೆ. ಅವರಿಗೆ ಆಗ ಎಡಗಾಲೂ ಎಳೆಯತೊಡಗಿತ್ತು, ಮಾತು ತೊದಲುತ್ತಿತ್ತು. ನದಿ ನೋಡಬೇಕು ಎಂದರು. ಅತ್ತಿಯನ್ನು ಹಿಂದೆ ಕೂರಿಸಿಕೊಂಡು ಬುತ್ತಿ ಕಟ್ಟಿಕೊಂಡು ಹೋದೆವು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ವರದೆ ಬಂದು ತುಂಗಭದ್ರೆಗೆ ಕೂಡುವ ಕಡೆ ಬೇಸಿಗೆಯಾದ್ದರಿಂದ ನೀರು ತೆಳ್ಳಗಿತ್ತು. ಗುಡಿಯ ಮೆಟ್ಟಿಲು ಇಳಿಯಲು ಅವರಿಗೆ ಆಗಲಿಲ್ಲ. ಗಾಡಿಯನ್ನು ನೀರು ಕಾಣುವ ಹಾಗೆ ನಿಲ್ಲಿಸಿದೆ. ಬಾಗಿಲು ತೆಗೆದಿಟ್ಟು ಅಲ್ಲಿಂದಲೇ ನೋಡಿದರು. ಅತ್ತಿ ನೀರು ಮುಟ್ಟಿ ಬಂದು ಮಗನ ತಲೆಯ ಮೇಲೆ ಒದ್ದೆ ಕೈ ಇಟ್ಟರು. ನಾನು ರೊಟ್ಟಿ ಮುರಿದು ಪಲ್ಯ ಹಚ್ಚಿ ಅವರ ಬಾಯಿಗೆ ಇಟ್ಟೆ. ನುಂಗಲು ತಡ ಮಾಡಿದರು, ಕೆಮ್ಮು ಬಂತು, ಕಣ್ಣು ಕೆಂಪಾದವು. ಸುಧಾರಿಸಿಕೊಂಡ ಮೇಲೆ ಹೇಳಿದರು: “ಗಾಡಿ ಕೊಟ್ಟುಬಿಡೂಣು.”

“ಯಾಕ್ರಿ, ಇರಲಿ.”

“ನಿಂತ ಗಾಡಿ ನೋಡಾಕ ಆಗವಲ್ದು ನನಗ.”

ಕೊಳ್ಳಲು ಬಂದವನು ರಾಣೇಬೆನ್ನೂರು ಕಡೆಯವನು. ಬಾನೆಟ್ ಎತ್ತಿ ನೋಡಿದ, ಟಾಯರು ಒದ್ದು ನೋಡಿದ. ಕರಿ ಗುಂಡಿ ಕಂಡು, “ಇದೇನ್ರಿ ಇದು?” ಎಂದ. ಮನೆಯವರು ಹೇಳಲು ಬಾಯಿ ತೆರೆದರು. ಮಾತು ಅವನಿಗೆ ತಿಳಿಯಲಿಲ್ಲ. ಅವನು ನನ್ನ ಕಡೆ ನೋಡಿದ. “ಒತ್ತಿದ್ರ ಶುರು ಆಗ್ತದ” ಎಂದೆ. ಅವನು ಒತ್ತಿದ, ಗಾಡಿ ಶುರುವಾಯಿತು. ರೊಕ್ಕ ಕೊಟ್ಟು ಹೊಡೆದುಕೊಂಡು ಹೋದಾಗ ಓಣಿಯ ತುದಿಯವರೆಗೆ ಸದ್ದು ಕೇಳಿಸಿತು. ಅವರು ಕಟ್ಟೆಯ ಮೇಲೆ ಕೂತು ಆ ಸದ್ದು ನಿಲ್ಲುವವರೆಗೂ ಅತ್ತ ಕಡೆಗೇ ಕಿವಿ ಇಟ್ಟಿದ್ದರು.

ಅವರ ಮುಂದಿನ ದಿನಗಳನ್ನು ಬರೆಯಲು ಹೆಚ್ಚಿಗೆ ಏನೂ ಇಲ್ಲ. ಬಲಗೈ ಹೋಯಿತು, ಕಾಲು ಹೋದವು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಕೊನೆಯವರೆಗೂ ಒಂದಿಷ್ಟೂ ಮಂಕಾಗಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಬೇರೆ ಏನೂ ಆಗಲಿಲ್ಲ. ಹರಕೆ, ತಾಯತ, ಗಿಡಮೂಲಿಕೆ ಎಲ್ಲ ಮಾಡಿದೆವು. ಮಾಡುವಾಗ ನನಗೆ ನಂಬಿಕೆ ಇರಲಿಲ್ಲ, ಅತ್ತಿಗೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಒಬ್ಬರ ಮುಂದೆ ಒಬ್ಬರು ಬಿಡಲಾರದೆ ಮಾಡಿದೆವು. ಗಂಜಿ ಕುಡಿಸುವಾಗ ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನು ಇತ್ತೆಂದು ಊಹಿಸಿ ಬರೆದರೆ ಸುಳ್ಳು ಬರೆದ ಹಾಗೆ. ನನಗೆ ಗೊತ್ತಿಲ್ಲ. ಕೇಳಲು ಮನಸ್ಸಿತ್ತು, ಹೇಳಲು ಅವರಿಗೆ ಬಾಯಿ ಇರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ, ಅತ್ತಿ ಬೀಸಣಿಗೆ ಬೀಸುತ್ತಿದ್ದಾಗ, ಉಸಿರು ನಿಂತಿತು. ಅತ್ತಿ ಅದು ತಿಳಿಯದೆ ಇನ್ನೂ ಸ್ವಲ್ಪ ಹೊತ್ತು ಬೀಸುತ್ತಲೇ ಇದ್ದರು. ನಾನು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ರಾಣೇಬೆನ್ನೂರಿನಿಂದ ಕಾಕಾ ಬಂದಿದ್ದರು. ಮಣ್ಣು ಹಾಕಿ ಬಂದು ಕಟ್ಟೆಯ ಮೇಲೆ ಕೂತು ನೀರು ಕುಡಿದು ಬಸ್ಸಿಗೆ ಹೋದರು.

ತಿಂಗಳ ಮೇಲೆ ನಾನು ಮೆಣಸಿನಕಾಯಿ ತೊಟ್ಟು ಬಿಡಿಸುವ ಗೋದಾಮಿಗೆ ಹೋಗತೊಡಗಿದೆ. ಓಣಿಯ ಬಹಳ ಹೆಣ್ಣುಮಕ್ಕಳು ಅಲ್ಲಿಗೇ ಹೋಗುತ್ತಿದ್ದರು. ತಟ್ಟಿನ ಚೀಲ ಹಾಸಿಕೊಂಡು, ಕೆಂಪು ರಾಶಿಯ ಸುತ್ತ ಕೂತಿದ್ದರು. ನನಗೆ ಸರಿದು ಜಾಗ ಮಾಡಿಕೊಟ್ಟರು. ಕೂತ ಸ್ವಲ್ಪ ಹೊತ್ತಿಗೆ ಘಾಟು ಹಿಡಿದು ಸೀನು ಬಂತು, ಕಣ್ಣಿಂದ ನೀರು ಇಳಿಯಿತು. ಪಕ್ಕದಲ್ಲಿದ್ದ ಒಬ್ಬ ಮುದುಕಿ ತನ್ನ ಸೆರಗಿನಿಂದ ಮೂಗು ಕಟ್ಟಿಕೊಂಡಿದ್ದಳು. ನನಗೂ ಹಾಗೇ ಕಟ್ಟಿಕೊಳ್ಳಲು ಹೇಳಿದಳು.

“ಹೊಸಬ್ರಿಗೆ ಹಿಂಗ ಆಗ್ತದವ್ವ. ಒರಸಿಕೋಬ್ಯಾಡ, ಕೈಯಾಗ ಖಾರ ಐತಿ, ಇನ್ನ ಉರೀತದ. ಬರೂದು ಬರಲಿ, ಹಂಗ ಬಿಡು.”

ನಾನು ಹಾಗೇ ಬಿಟ್ಟೆ. ಸಂಜೆಯವರೆಗೂ ಬಂತು. ಅಲ್ಲಿ ಯಾರೂ ಏನೂ ಕೇಳಲಿಲ್ಲ.